ಮೇಲಿನ ಮೇಜಿನ ಮೋಹ

ಗಂಡ ಮಧ್ಯಾಹ್ನದ ಚಹಾ ಕುಡಿದರೋ ಇಲ್ಲವೋ ಎಂದು ತಿಳಿಯಲು ನಾನು ಫೋನ್ ಮಾಡುವುದಿಲ್ಲ, ಒಂದು ಅಂಕಿಯನ್ನು ನೋಡುತ್ತೇನೆ. ಅವರು ಈ ಕೊಲ್ಲಿ ದೇಶದ ರಾಸ್ ಲಫಾನಿನ ಅನಿಲ ಸ್ಥಾವರದಲ್ಲಿ ಆಪರೇಟರ್. ನಾಲ್ಕು ದಿನ ಅಲ್ಲೇ ಕ್ಯಾಂಪಿನಲ್ಲಿದ್ದು, ಆಮೇಲೆ ನಗರದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬರುವವರು. ಸ್ಥಾವರದೊಳಗೆ ಫೋನ್ ಒಯ್ಯುವಂತಿಲ್ಲ. ಮೂರೂವರೆಗೆ ಕ್ಯಾಂಟೀನಿನಲ್ಲಿ ಸ್ವಲ್ಪ ಹೊತ್ತು ಅದು ಕೈಗೆ ಸಿಕ್ಕಾಗ ಆನ್‌ಲೈನ್ ಪೋಕರಿನ ಎರಡು ಆಟ ಆಡುತ್ತಾರೆ. ಇಬ್ಬರಿಗೂ ಸೇರಿ ಒಂದೇ ಖಾತೆ. ನಾಲ್ಕಕ್ಕೆ ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸಕ್ಕೆ ಹೊರಡುವ ಮುನ್ನ ನಾನದನ್ನು ತೆರೆದು, ಚಿಪ್ಸು ತುಸು ಏರಿದ್ದರೆ ಇವತ್ತು ಎಲ್ಲ ಸರಿಯಿದೆ, ಇಳಿದಿದ್ದರೆ ಸೂಪರ್‌ವೈಸರ್ ಬೈದಿದ್ದಾನೆ ಎಂದು ಅರ್ಥಮಾಡಿಕೊಳ್ಳುತ್ತೇನೆ.

ಗಾಬರಿಯಾಗಬೇಡಿ, ಇದು ಜೂಜಲ್ಲ. ದುಡ್ಡಿಟ್ಟು ಆಡುವುದು ಈ ದೇಶದ ಕಾನೂನಿಗೆ ವಿರುದ್ಧ, ನನ್ನ ಅತ್ತೆಯವರ ಕಾನೂನಿಗಂತೂ ಇನ್ನೂ ವಿರುದ್ಧ. ಇಲ್ಲಿನ ಚಿಪ್ಸು ಎಂದರೆ ಪರದೆಯ ಮೇಲಿನ ಪುಕ್ಕಟೆ ಬಿಲ್ಲೆಗಳು, ಅಷ್ಟೆ. ಒಮ್ಮೆ ಅಮ್ಮನ ಹತ್ತಿರ ಫೋನಿನಲ್ಲಿ ‘ಚಿಪ್ಸೆಲ್ಲ ಮುಗಿಯುತ್ತಾ ಬಂತು’ ಎಂದು ಬಾಯಿತಪ್ಪಿ ಹೇಳಿದ್ದಕ್ಕೆ, ಊರಿಂದ ಬಂದವರ ಪೆಟ್ಟಿಗೆಯಲ್ಲಿ ಎರಡು ಕಿಲೋ ಬಾಳೆಕಾಯಿ ಚಿಪ್ಸು ಬಂದಿಳಿಯಿತು! ಅಷ್ಟನ್ನೂ ತಿಂದು ಮುಗಿಸಿದೆವೇ ಹೊರತು ಅಮ್ಮನ ತಪ್ಪನ್ನು ತಿದ್ದುವ ಉಸಾಬರಿಗೆ ಹೋಗಲಿಲ್ಲ.

ನನ್ನ ಮನೆಮಾತು ಕೊಂಕಣಿ, ಅವರದು ತುಳು. ಸಂಸಾರ ನಡೆಯುವುದು ಕನ್ನಡದಲ್ಲಿ. ಹೀಗಾಗಿ ಜಗಳದಲ್ಲಿ ಯಾರಿಗೂ ತವರುನೆಲದ ಅನುಕೂಲವಿಲ್ಲ. ಜಗಳಕ್ಕೆ ಕಾರಣವೂ ಹೆಚ್ಚಾಗಿ ಈ ಆಟವೇ. ಅವರು ಜನ್ಮಕ್ಕೆ ಚಿಕ್ಕ ಪಣದ ಮೇಜು ಬಿಟ್ಟು ಏಳದವರು. ಹನಿಗೂಡಿಸಿ ಹತ್ತು ಲಕ್ಷ ಮಾಡಬೇಕೆಂಬುದು ಅವರ ಹಟ. ಮೂರು ವರ್ಷದಲ್ಲಿ ಒಂಬತ್ತು ಲಕ್ಷ ದಾಟಿಸಿದ್ದರು. ನನಗೋ, ಒಮ್ಮೊಮ್ಮೆ ದೊಡ್ಡ ಪಣದ ಮೇಲಿನ ಮೇಜಿಗೆ ಹತ್ತಿ ಕೂರದಿದ್ದರೆ ಕೈ ತುರಿಸುತ್ತದೆ. ಕೊನೆಗೆ ಒಪ್ಪಂದವಾಯಿತು: ತಿಂಗಳಿಗೆ ಒಂದೇ ಸಲ, ಇರುವುದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ. ಹೋದರೆ ತೆಪ್ಪಗೆ ಇಳಿದು ಬರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ದೊಡ್ಡವರೇ, ಆದರೆ ಕಾಲು ಬೆಳೆದಿದೆಯೋ ಇಲ್ಲವೋ ಎಂದು ತಿಳಿಯುವ ಬಗೆಯನ್ನು ಅವರು ಹೇಳಲಿಲ್ಲ ನೋಡಿ. ಆಗೊಮ್ಮೆ ಈಗೊಮ್ಮೆ ಹಾಸಿಗೆಯಾಚೆ ಚಾಚಿ ನೆಲದ ತಂಪನ್ನು ಮುಟ್ಟಿ ಬಂದರೆ ತಾನೇ ಅಳತೆ ಸಿಗುವುದು! ಮೇಲಿನ ಮೇಜಿನ ಸುಖ ಗೆಲುವಿನದಲ್ಲ; ಚಿಕ್ಕ ಮೇಜಿನಲ್ಲಿ ಅಭ್ಯಾಸಬಲದಿಂದ ಆಡುವ ಅದೇ ಎಲೆಗಳನ್ನು ಅಲ್ಲಿ ಪ್ರತಿಸಲವೂ ಹೊಸದಾಗಿ ನೋಡಬೇಕಾಗುತ್ತದೆ. ದಿನಾ ‘ಟೋಕನ್ ನಂಬರ್ ಎಷ್ಟು, ಇನ್ಶೂರೆನ್ಸ್ ಕಾರ್ಡ್ ಇದೆಯಾ’ ಎಂದು ಕೇಳುವವಳಿಗೆ ಅದೊಂದು ಸಣ್ಣ ಮರುಹುಟ್ಟು. ಇಳಿದು ಬರುವುದೂ ಅವಮಾನವಲ್ಲ, ಏಣಿ ಇರುವುದು ಎರಡೂ ಕೆಲಸಕ್ಕೆ ಎಂದು ನಾನು ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ.

ಉಪದೇಶ ಮಾಡುವವರಿಗೆ ಪರೀಕ್ಷೆ ಬಂದೇ ಬರುತ್ತದೆ. ಮೊನ್ನೆ ಶುಕ್ರವಾರ, ನನಗೆ ರಜೆಯ ದಿನ, ಊಟ ಮುಗಿಸಿ ಹತ್ತನೆಯ ಪಾಲು ಹಿಡಿದು ಮೇಲೆ ಹತ್ತಿದೆ. ಒಂದೇ ಗಂಟೆಯಲ್ಲಿ ಅದು ಮೂರು ಪಟ್ಟಾಯಿತು. ಅಬ್ಬಾ, ಆಗಿನ ನನ್ನ ಗತ್ತು! ಆಮೇಲೆ ಗಾಳಿ ತಿರುಗಿತು, ಒಯ್ದದ್ದೆಲ್ಲ ಹೋಯಿತು. ಇಳಿಯಬೇಕಿತ್ತು. ಇಳಿಯಲಿಲ್ಲ. ಇನ್ನೊಂದು ಪಾಲು ತಂದೆ, ಮತ್ತೊಂದು ತಂದೆ. ಕೊನೆಗೆ ಕೈಯಲ್ಲಿ ಮೂರು ರಾಣಿಯರನ್ನು ಕಂಡ ಹುಮ್ಮಸ್ಸಿನಲ್ಲಿ ಉಳಿದದ್ದನ್ನೆಲ್ಲ ಸುರಿದುಬಿಟ್ಟೆ. ಎದುರಿನವನು ಎಲೆ ತೋರಿಸಿದ: ಐದಕ್ಕೆ ಐದೂ ಆಟೀನು. ಅದರ ಮುಂದೆ ಮೂರು ರಾಣಿಯರು ಲೆಕ್ಕಕ್ಕಿಲ್ಲ. ಸೊನ್ನೆ.

ಬಿಲ್ಲೆಗಳಿಗೆ ಬೆಲೆಯಿಲ್ಲ, ಒಪ್ಪಿದೆ. ಆದರೆ ಅದು ಸುಡುಬಿಸಿಲಿನ ಜಾಗದಲ್ಲಿ ಹನ್ನೆರಡು ಗಂಟೆ ದುಡಿಯುವ ಒಬ್ಬ ಮನುಷ್ಯನ ಮೂರು ವರ್ಷದ ಬಿಡುವಾಗಿತ್ತು. ನಾನು ಒಂದು ಮಧ್ಯಾಹ್ನದಲ್ಲಿ ಉಡಾಯಿಸಿದ್ದೆ, ಅದೂ ಕೊಟ್ಟ ಮಾತು ಮುರಿದು. ಇನ್ನು ಮೇಲೆ ಅವರು ನನ್ನನ್ನು ನಂಬುವುದು ಹೇಗೆ?

ಆರೂವರೆಗೆ ಶಿಫ್ಟ್ ಮುಗಿಸಿ ಅವರೇ ಫೋನ್ ಮಾಡಿದರು. ನಾನು ಪೀಠಿಕೆಯಿಲ್ಲದೆ ಹೇಳಿಬಿಟ್ಟೆ: “ಎಲ್ಲ ಖಲಾಸ್. ಒಂಬತ್ತು ಲಕ್ಷವೂ ಹೋಯ್ತು. ಮಾತು ಮುರಿದೆ, ತಪ್ಪಾಯ್ತು.”

“ಗೊತ್ತುಂಟು,” ಎಂದರು. “ಕ್ಯಾಂಟೀನಿನಲ್ಲಿ ನಮ್ಮ ಶಿಫ್ಟಿನ ಕಣ್ಣೂರಿನವನ ಫೋನಲ್ಲಿ ನಿನ್ನ ಮೇಜು ನೋಡ್ತಾ ಇದ್ದೆ.”

“ನೋಡ್ತಾ ಇದ್ರಾ? ಮತ್ತೆ ನಿಮ್ಮ ಫೋನಲ್ಲಿ ಯಾಕೆ ತೆರೀಲಿಲ್ಲ?”

“ನಾನು ತೆರೆದ್ರೆ ನೀನು ಹೊರಗೆ ಬೀಳ್ತಿ ಅಲ್ವಾ? ಒಂದೇ ಸಲ ಇಬ್ಬರಿಗೆ ಒಳಗೆ ಇರ್ಲಿಕ್ಕೆ ಆಗುದಿಲ್ಲ.”

“ಅದಕ್ಕೇ ಹೇಳೋದು ಮಾರಾಯ್ರೇ, ತೆರೆದಿದ್ರೆ ಅರ್ಧವಾದ್ರೂ ಉಳೀತಿತ್ತು!”

“ಉಳೀತಿತ್ತು,” ಎಂದರು ಅವರು. “ಆದ್ರೆ ನೀನು ಎಂಥ ಚಂದ ಆಡ್ತಿದ್ದೆ ಮಾರಾಯ್ತಿ. ಎಬ್ಬಿಸ್ಲಿಕ್ಕೆ ನಂಗೆ ಮನಸ್ಸು ಬರ್ಲಿಲ್ಲ.”

ಒಂಬತ್ತು ಲಕ್ಷ ಹೋದಾಗ ಬಾರದ ಅಳು ಆಗ ಬಂತು.

“ಅಯ್ಯೋ, ಅಳುದೆಂತಕ್ಕೆ? ನಾಳೆ ಬೆಳಿಗ್ಗೆ ಆ್ಯಪಿನವರು ಪುಕ್ಕಟೆ ಐನೂರು ಕೊಡ್ತಾರೆ. ಯಲ್ಲಾ, ಶುರು ಮಾಡುವ, ಮೊದಲ ಆಟ ನೀನೇ ಆಡು.”