ಮಿಸ್ಟರ್ ವೇಯ್ನ್ ತಂದ ಬಳೆ

ಆ ದಿನಗಳಲ್ಲಿ ಡಾಲಸ್ ಹತ್ತಿರದ ಮರ್ಫಿಯ ನಮ್ಮ ಬೀದಿಯಲ್ಲಿ ಬೇಸಿಗೆ ಕಳೆಯಿತೆಂದು ಮೊದಲು ಗೊತ್ತಾಗುತ್ತಿದ್ದದ್ದು ಮೂಗಿಗೆ. ಪಕ್ಕದ ಮನೆಯ ಮಿಸ್ಟರ್ ವೇಯ್ನ್ ಹಿತ್ತಲಲ್ಲಿ ಮಾಂಸ ಸುಡಲು ಸೌದೆ ಒಲೆ ಹಚ್ಚುತ್ತಿದ್ದರು. ನಾವು ಮಾಂಸ ತಿನ್ನುವುದಿಲ್ಲವೆಂದು ನನಗಾಗಿ ಬೇರೆಯೇ ಒಂದು ಪುಟ್ಟ ಒಲೆಯಲ್ಲಿ ಮುಸುಕಿನ ಜೋಳ ಸುಟ್ಟು, ಬೆಣ್ಣೆ ಸವರಿ, ಬೇಲಿಯ ಮೇಲಿಂದ ಕೊಡುತ್ತಿದ್ದರು. ಅವರ ಮರದಡಿ ಬಿದ್ದ, ಅಕ್ರೋಟಿನಂಥ ಪೆಕಾನ್ ಕಾಯಿ ಆರಿಸುವುದೇ ನನ್ನ ಆಟ. ಅಮ್ಮ ಅದರಲ್ಲಿ ಬರ್ಫಿ ಮಾಡಿ ಅರ್ಧ ಅವರಿಗೇ ಕಳಿಸುತ್ತಿದ್ದಳು. ಸ್ವಂತ ಅಜ್ಜ ಅಜ್ಜಿ ಮೈಸೂರಿನಲ್ಲಿದ್ದರು. ಕೈಗೆ ಸಿಗುವ ಅಜ್ಜ ಇವರೊಬ್ಬರೇ.

ನನಗಾಗ ಒಂಬತ್ತು ವರ್ಷ. ನಿದ್ದೆಯಲ್ಲಿ ಬೆಚ್ಚಿಬೀಳುವ ಮಕ್ಕಳಿಗೆ ಆನೆ ಬಾಲದ ಕೂದಲಿನ ಉಂಗುರ ತೊಡಿಸುವುದು ನಮ್ಮ ಕಡೆಯ ರೂಢಿ. ಅಜ್ಜಿ ಯಾರೋ ಮಾವುತನನ್ನು ಕಾಡಿ ಬೇಡಿ ನನಗೂ ಒಂದು ಕಳಿಸಿದ್ದಳು. ಒಂದು ಸಂಜೆ ಮಿಸ್ಟರ್ ವೇಯ್ನ್ ಅದನ್ನು ಬೆಳಕಿಗೆ ಹಿಡಿದು, "ನಿಜವಾದ ಆನೇದೇ!" ಎಂದು ಖುಷಿಪಟ್ಟರು. ಅದೇ ಖುಷಿಯಲ್ಲಿ, ಬರುವ ತಿಂಗಳು ತಾವು ಆಫ್ರಿಕಾಕ್ಕೆ ಆನೆ ಬೇಟೆಗೆ ಹೊರಟಿರುವುದನ್ನೂ ಹೇಳಿದರು.

ತಿನ್ನುತ್ತಿದ್ದ ಜೋಳವನ್ನು ಬೇಲಿಯ ಮೇಲಿಟ್ಟೆ. ಡಾಲಸ್‌ನ ಆಫೀಸಿನಿಂದ ಆಗಷ್ಟೇ ಬಂದಿದ್ದ ಅಪ್ಪ ಬೇಲಿಯ ಹತ್ತಿರ ಬಂದರು. ಮಿಸ್ಟರ್ ವೇಯ್ನ್ ತಾಳ್ಮೆಯಿಂದಲೇ ವಿವರಿಸಿದರು. ಅದು ಮುದಿ ಸಲಗ. ಅವರು ಕಟ್ಟುವ ಹಣದಲ್ಲಿ ಕಾಡು ಕಾಯುವವರಿಗೆ ಸಂಬಳ, ಹಳ್ಳಿಯವರಿಗೆ ಮಾಂಸ. ಹಣ ನಿಂತರೆ ಕಾಡು ಹೊಲವಾಗುತ್ತದೆ, ಕಳ್ಳಬೇಟೆಯವರು ಒಂದನ್ನೂ ಉಳಿಸುವುದಿಲ್ಲ. "ಪುಂಡು ಮರಿಗಳಿಗೆ ಬುದ್ಧಿ ಕಲಿಸೋದು ಆ ಮುದಿ ಸಲಗಗಳೇ ಅಲ್ವಾ?" ಎಂದು ಅಪ್ಪ ಒಂದೇ ಒಂದು ಮಾತು ಕೇಳಿದರು, ಅಷ್ಟೇ. ನೆರೆಯವರ ಜೊತೆ ಜಗಳ ಅವರಿಗೆ ಆಗದು.

"ಹಾಗಾದ್ರೆ ದುಡ್ಡು ಕೊಟ್ಟು ಬಂದ್ಬಿಡಿ. ಹೊಡೀಬೇಡಿ," ಎಂದೆ.

ಅವರು ನಗಲಿಲ್ಲ. "ಸುಮ್‌ಸುಮ್ನೆ ದುಡ್ಡು ಕೊಡೋರು ಯಾರಿದಾರೆ, ಚಿನ್ನಾ?"

"ನೀವು ಕೊಡಿ." ಕೈಮುಗಿದಿದ್ದೆ.

ಕೆಂಡ ಕೆದಕುತ್ತಾ, "ಯೋಚ್ನೆ ಮಾಡ್ತೀನಿ," ಎಂದರು. ನಾನು ಕುಣಿಯುತ್ತಾ ಮನೆಗೆ ಬಂದೆ. ನನ್ನ ಮಟ್ಟಿಗೆ ಆನೆ ಉಳಿದಿತ್ತು.

ದೀಪಾವಳಿಗೆ ಮುಂಚೆ ಅವರು ವಾಪಸ್ಸಾದರು. ನೇರ ನಮ್ಮ ಮನೆಗೇ ಬಂದು ಪುಟ್ಟ ಡಬ್ಬಿ ತೆರೆದರು. ಕರಿ ಕೂದಲು ಹೆಣೆದ ಬಳೆ. "ನಿನ್ನ ಉಂಗುರ ತೀರಾ ಸಣ್ಣದಲ್ವಾ? ಬಾಲದಲ್ಲಿ ದಪ್ಪದ್ದನ್ನೇ ಆರಿಸಿ ಮಾಡಿಸ್ದೆ," ಎನ್ನುವಾಗ ಅವರ ಮುಖ ಅರಳಿತ್ತು. ನಾನು ಕೇಳಿಕೊಂಡದ್ದು ಅವರಿಗೆ ನೆನಪೇ ಇರಲಿಲ್ಲ. ಉಂಗುರ ಮಾತ್ರ ನೆನಪಿತ್ತು.

"ಇಸ್ಕೋ ಪುಟ್ಟಿ, ಥ್ಯಾಂಕ್ಸ್ ಹೇಳು," ಎಂದಳು ಅಮ್ಮ. ಹೇಳಿದೆ.

ಅವರು ಹೋದಮೇಲೆ ಅಪ್ಪ, "ದೇವರ ಮನೇಲಿ ಇಡೋಣ್ವಾ?" ಎಂದರು.

"ಕೊಂದು ತಂದಿದ್ದನ್ನ ದೇವರ ಮನೇಲಾ? ನಿಮಗೇನಾದ್ರೂ ಬುದ್ಧಿ ಇದ್ಯಾ?" ಎಂದ ಅಮ್ಮನಿಗೆ, ಕಸಕ್ಕೆ ಹಾಕುವ ಧೈರ್ಯವೂ ಬರಲಿಲ್ಲ. ಕೊನೆಗೆ ಗರಾಜಿನಲ್ಲಿ, ಪೇಂಟ್ ಡಬ್ಬಗಳ ಹಿಂದೆ ಇಟ್ಟಳು. ನಾನು ಬೇಲಿಯ ಕಡೆ ಹೋಗುವುದನ್ನು ಬಿಟ್ಟೆ. ಅವರು ಕರೆದರೆ ಹೋಮ್‌ವರ್ಕ್ ಅನ್ನುತ್ತಿದ್ದೆ. ಸ್ವಲ್ಪ ದಿನ ಕರೆದು ಅವರೂ ಬಿಟ್ಟರು.

ಈಗ ನಾನು ಆಸ್ಟಿನ್‌ನಲ್ಲಿದ್ದೇನೆ. ಬೇಟೆ ಬೇಕೆನ್ನುವವರ ವಾದವನ್ನೂ ಬೇಡವೆನ್ನುವವರ ವಾದವನ್ನೂ ಓದಿದ್ದೇನೆ. ತನ್ನ ಖರ್ಚು ತಾನೇ ದುಡಿಯದ ಆನೆಗೆ ಎಲ್ಲಿ ಜಾಗವೆಂದು ಯಾರೂ ಹೇಳಿಲ್ಲ.

ಕಳೆದ ವರ್ಷ ಮಿಸ್ಟರ್ ವೇಯ್ನ್ ತೀರಿಕೊಂಡರು. ನಾನು ಮರ್ಫಿಗೆ ಹೋದಾಗ ಹ್ಯೂಸ್ಟನ್‌ನಿಂದ ಬಂದ ಅವರ ಮಗಳು ಮನೆ ಖಾಲಿ ಮಾಡಿಸುತ್ತಿದ್ದಳು. ಆ ಬೇಟೆಯ ನೆನಪಿಗೆಂದು ಅವರು ಗೋಡೆಗೆ ಹಾಕಿಸಿದ್ದ ಆನೆಯ ತಲೆ ಬಿಸಿಲಲ್ಲಿ, ಮನೆ ಮುಂದಿನ ಡ್ರೈವ್‌ವೇ ಮೇಲೆ ಕೂತಿತ್ತು. ಕಾನೂನಿನಂತೆ ಮಾರುವ ಹಾಗಿಲ್ಲ, ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡ.

"ನೀನು ತಗೋತೀಯಾ? ನೀನಂದ್ರೆ ಅಪ್ಪನಿಗೆ ಪ್ರಾಣ," ಎಂದಳು.

ಆಗಲ್ಲ ಎಂದೆ. ಕೆಲಸದವರು ಟ್ರಕ್ಕಿಗೆ ಏರಿಸುವಾಗ ಒಂದು ಕಿವಿ ಬುಡಸಮೇತ ಕಿತ್ತು ಬಂತು. ಒಳಗೆ ಹಳದಿ ಫೋಮ್ ಬಿಟ್ಟು ಬೇರೇನೂ ಇರಲಿಲ್ಲ. ಪಾಪ, ಅವಳು ಅಳುತ್ತಿದ್ದಳು. ಒಳ್ಳೆಯವರನ್ನು ಕೈಮುಗಿದು ಕೇಳಿಕೊಂಡರೆ ಅವರು ಕೊಲ್ಲುವುದಿಲ್ಲವೆಂದು ಒಂದು ಕಾಲದಲ್ಲಿ ನಂಬಿದ್ದೆ. ಆ ಬಳೆ ಬಂದಮೇಲೆ ನಾನು ಯಾರನ್ನೂ ಏನನ್ನೂ ಹಾಗೆ ಕೇಳಿಕೊಂಡಿಲ್ಲ.