ಕೋಟೆಯ ಕಲ್ಲಿನ ಬಿಸಿ

“ಕಾವೇರಿಯಲ್ಲಿ ಚಪ್ಪಲಿ ಕಳಕೊಂಡು ಅತ್ತ ಸುಮಲತಾ ಅಲ್ವಾ ನೀವು?”

ಕೊಲ್ಲಿ ದೇಶಕ್ಕೆ ಬಂದು ನೆಲೆಸಿದ ನಾನು, ಜುಫೈರ್ ಪೇಟೆಯ ಅಂಗಡಿಯಲ್ಲಿ ದೋಸೆಹಿಟ್ಟಿನ ಪ್ಯಾಕೆಟ್ ಆರಿಸುತ್ತಿದ್ದವಳು ಬೆಚ್ಚಿ ತಿರುಗಿದೆ. ಗಡ್ಡ ನರೆತ ಹಮೀದ್, ಊರಿನ ಶಾಲೆಯಲ್ಲಿ ನನ್ನ ಕ್ಲಾಸಿನವನು!

ಏಳನೇ ಕ್ಲಾಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋಗಿದ್ದೆವು. ಖರ್ಚು ಉಳಿಸಲು ಮನೆಯಿಂದಲೇ ಅಕ್ಕಿ, ತೆಂಗಿನಕಾಯಿ ಒಯ್ದು ಹೊಳೆಬದಿಯಲ್ಲಿ ಗಂಜಿ ಬೇಯಿಸಿದ್ದೆವು. ಯಾವುದೋ ಶಾಲೆಯ ಜಗಲಿಯಲ್ಲಿ ಮಲಗಿದ್ದೆವು. ನನ್ನ ಚಪ್ಪಲಿ ನೀರುಪಾಲಾದಾಗ ಟೀಚರ್, “ಬಸ್ಸಲ್ಲಿತ್ತು, ಹಾಕ್ಕೋ” ಎಂದು ಬೇರೊಂದು ಜೊತೆ ಕೊಟ್ಟಿದ್ದರು.

“ಟೀಚರ್ ಕೊಟ್ಟ ಆ ಚಪ್ಪಲಿ ನನ್ನದು ಮಾರಾಯ್ತಿ. ನಿನಗೆ ಹೇಳಬಾರದು ಅಂತ ಟೀಚರ್ ಹತ್ರ ನಾನೇ ಹೇಳಿದ್ದೆ. ಕೋಟೆಯ ಕಲ್ಲು ಎಷ್ಟು ಸುಡ್ತಿತ್ತು ಗೊತ್ತುಂಟಾ?” ಹಮೀದ್ ಜೋರಾಗಿ ನಕ್ಕ.

ಮಧ್ಯಾಹ್ನದ ಬಿಸಿಲಲ್ಲಿ ಕಾರಿನವರೆಗೆ ನಡೆದೆ. ಕಾಲಲ್ಲಿ ಗಟ್ಟಿ ಚಪ್ಪಲಿಯಿತ್ತು. ಆದರೂ ಅಂಗಾಲು ಸುಟ್ಟಿತು.