ಹಿಂದಿನ ಕಿಟಕಿಯಿಂದ ಬಂದ ವಯರ್

ಕಟಪಾಡಿಯ ಈ ಮನೆ ನಮಗೆ ನಾಲ್ಕನೆಯ ಬಾಡಿಗೆ ಮನೆ. ಪಾತ್ರೆಪಗಡಿ ಕಟ್ಟುವುದು, ಬಿಚ್ಚುವುದು ಅಭ್ಯಾಸವಾಗಿದೆ. ಟಿವಿ, ಇಂಟರ್‌ನೆಟ್ ಹಾಕಿಸುವ ಕೆಲಸ ಮಾತ್ರ ಪ್ರತಿ ಸಲವೂ ಜೀವ ತಿನ್ನುತ್ತದೆ.

ಮಗ ಗಲ್ಫ್‌ನಲ್ಲಿದ್ದಾನೆ. ಸೊಸೆ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕಂಪೆನಿಯ ಕೆಲಸ ಮಾಡುತ್ತಾಳೆ. ಸೋಮವಾರದೊಳಗೆ ನೆಟ್ ಬಾರದಿದ್ದರೆ ದಿನಾ ಮಂಗಳೂರಿನ ಆಫೀಸಿಗೇ ಬರಬೇಕೆಂದು ಕಂಪೆನಿಯವರು ಹೇಳಿದ್ದರು. ಅವಳು ಬಸ್ಸು ಹತ್ತಿದರೆ ಮೂರು ವರ್ಷದ ಮೊಮ್ಮಗಳು ನನ್ನ ಪಾಲು. ಆ ಮಗುವಿನ ಹಿಂದೆ ಓಡುವ ಮೊಣಕಾಲು ನನ್ನಲ್ಲಿಲ್ಲ. ಸೊಸೆಗೆ ಕೆಲಸದ ಚಿಂತೆ, ನನಗೆ ಮೊಣಕಾಲಿನದು.

ಮನೆಯ ಓನರ್ ಇರುವುದು ಕಾರ್ಕಳದಲ್ಲಿ. ಫೋನಿನಲ್ಲಿ ಅವರದು ಒಂದೇ ಮಾತು: “ಹೊಸ ಪೇಂಟ್ ಅಮ್ಮ. ಗೋಡೆಗೆ ತೂತು, ಮೊಳೆ ಎಂತದೂ ಬೇಡ.”

ಶನಿವಾರ ಕೇಬಲಿನವನು ಬಂದ. ಟಿವಿಗೂ ನೆಟ್ಟಿಗೂ ಒಂದೇ ವಯರ್ ಅಂತೆ. ಕಂಬ ರಸ್ತೆಯಲ್ಲೇ ಇತ್ತು. ಆದರೆ ಕಂಬಕ್ಕೂ ಮನೆಗೂ ನಡುವೆ ನಾಗಬನ, ನಾಗದೇವರ ಮರಗಳ ತೋಪು. ಅವನು ಏಣಿ ಕೆಳಗಿಟ್ಟು, ಚಪ್ಪಲಿ ಕಳಚಿ, ಕೈಮುಗಿದು, ಮತ್ತೆ ಏಣಿ ಎತ್ತಿಕೊಂಡ.

“ಇದರ ಮೇಲಿಂದ ಆಗುವುದಿಲ್ಲ ಅಮ್ಮ.”

“ಮರ ಮುಟ್ಟುವುದು ಬೇಡ. ಮೇಲಿಂದ ಎಳೆದರಾಯಿತಲ್ವಾ?” ಎಂದಳು ಸೊಸೆ.

“ಎಳೆಯುವುದು ನಾನಲ್ವಾ ಅಕ್ಕ? ನನಗೂ ಮಕ್ಕಳು ಉಂಟು.”

ಸೊಸೆ ನನ್ನ ಮುಖ ನೋಡಿದಳು. ಅವನ ಜಾಗದಲ್ಲಿದ್ದರೆ ನಾನೂ ಎಳೆಯುತ್ತಿರಲಿಲ್ಲ.

ಇನ್ನೊಂದು ದಾರಿ ಇತ್ತು. ಹಿಂದಿನ ಮನೆಯ ತೆಂಗಿನ ಮರಗಳಿಗೆ ಕಟ್ಟಿಕೊಂಡು ಸುತ್ತಿ ತರಬಹುದು. ತೊಂದರೆ ಎಂದರೆ, ಬಂದ ಮರುದಿನವೇ ನಾನು ಆ ಮನೆಯಾಕೆಗೆ, ನಿಮ್ಮ ಹುಂಜಕ್ಕೆ ಹೊತ್ತುಗೊತ್ತು ಇಲ್ಲವಾ, ಅದನ್ನು ಸಾರು ಮಾಡಿ ಎಂದಿದ್ದೆ. ನನ್ನದೇ ವಯಸ್ಸಿನವಳು. ಅಂದಿನಿಂದ ಮಾತಿರಲಿಲ್ಲ. ಈಗ ನಾನೇ ಹೋಗಿ ಬೇಲಿಯ ಬಳಿ ನಿಲ್ಲಬೇಕಾಯಿತು.

“ನನ್ನ ಹುಂಜ ನಿಮಗೆ ಆಗುವುದಿಲ್ಲ, ತೆಂಗಿನ ಮರ ಆಗ್ತದಾ?” ಎಂದಳು, ಬಟ್ಟೆ ಹಿಂಡುತ್ತಲೇ.

“ಹುಂಜ ಕೂಗಲಿ. ನಾನು ಇನ್ನು ಎಂತದೂ ಹೇಳುವುದಿಲ್ಲ.”

“ಸಾರು ಮಾಡುವುದು ಬೇಡವಾ ಹಾಗಾದರೆ?”

“ಬೇಡ ಮಾರಾಯ್ತಿ. ವಯರ್ ಕಟ್ಟಲು ಬಿಡಿ.”

ಅವಳು ಬಟ್ಟೆ ಕೊಡವಿ ಒಣಗಲು ಹಾಕಿ, “ಮರಕ್ಕೆ ಮೊಳೆ ಬೇಡ. ಹಗ್ಗದಲ್ಲಿ ಕಟ್ಟಲಿ,” ಎಂದಳು.

ಹಾಗೆ ವಯರ್ ಮನೆಯ ಹಿಂಬದಿಗೆ ಬಂತು. ಅಲ್ಲಿರುವುದು ನನ್ನ ಕೋಣೆ. ಗೋಡೆಗೆ ತೂತು ಮಾಡುವ ಹಾಗಿಲ್ಲವಲ್ಲ, ಕೇಬಲಿನವನು ಅದನ್ನು ನನ್ನ ಮಂಚದ ಪಕ್ಕದ ಕಿಟಕಿಯಿಂದ ಒಳಗೆ ತಂದ.

“ಕಿಟಕಿ ಒತ್ತಿ ಮುಚ್ಚಬೇಡಿ ಅಮ್ಮ,” ಎಂದ ಹೋಗುವಾಗ. “ವಯರಿನ ಒಳಗೆ ಗಾಜಿನ ನೂಲು ಉಂಟು. ತುಂಡಾದರೆ ಟಿವಿಯೂ ಇಲ್ಲ, ನೆಟ್ಟೂ ಇಲ್ಲ.”

ಸೋಮವಾರ ಸೊಸೆ ತನ್ನ ಕೋಣೆಯಲ್ಲಿ ಕೆಲಸಕ್ಕೆ ಕುಳಿತಳು. ಮಗು ಟಿವಿಯ ಎದುರು ಕುಳಿತಿತು. ಅತ್ತರೆ ಎತ್ತಿಕೊಳ್ಳಲು ತಾಯಿ ಮನೆಯಲ್ಲೇ ಇದ್ದಾಳೆ. ನನ್ನ ಮೊಣಕಾಲು ಉಳಿಯಿತು.

ಕಿಟಕಿಯ ಸಂದಿಗೆ ಹಳೆಯ ಸೀರೆಯ ತುಂಡು ತುರುಕಿದ್ದೇನೆ. ಅದು ಸೊಳ್ಳೆಯನ್ನು ತಡೆಯುತ್ತದೆ, ಹುಂಜವನ್ನು ತಡೆಯುವುದಿಲ್ಲ. ಬೆಳಕು ಹರಿಯುವ ಮೊದಲೇ ಬೇಲಿ ಹತ್ತಿ ನನ್ನ ಕಿವಿಗೇ ಕೂಗುತ್ತದೆ. ಬೆಳಿಗ್ಗೆ ಹಿಂದಿನ ಮನೆಯಾಕೆ ಬೇಲಿಯ ಆಚೆಯಿಂದ ಕೇಳುತ್ತಾಳೆ, “ನಿದ್ದೆ ಬಂತಾ?”

“ಬಂತು,” ಎನ್ನುತ್ತೇನೆ.